ಊರ ಕೋರ್ಟಿನ ಒಬ್ಬ ನ್ಯಾಯಾಧೀಶ: ಬ್ರಾಂಡನ್‌ಬುರ್ಗಿನ ಆಮ್ಟ್ಸ್‌ಗೆರಿಷ್ಟ್

ಬರ್ಲಿನ್ ನಗರದಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರು ದೂರದಲ್ಲಿ, ಹಾಫೆಲ್ ನದಿ ಕವಲೊಡೆದು ನಡುಗಡ್ಡೆಗಳನ್ನು ಬಳಸಿಕೊಂಡು ಹರಿಯುವಲ್ಲಿ, ಬ್ರಾಂಡನ್‌ಬುರ್ಗ್ ಎಂಬ ಹಳೆಯ ಪಟ್ಟಣವಿದೆ. ಒಂದು ಇಡೀ ಪ್ರಾಂತಕ್ಕೆ ತನ್ನ ಹೆಸರನ್ನು ಕೊಟ್ಟ ಊರು ಇದು. ಇಲ್ಲಿಯ ಹಳೆಯ ಪುರಭವನದ ಮುಂದೆ ಖಡ್ಗ ಹಿಡಿದು ನಿಂತ ವೀರನೊಬ್ಬನ ಶಿಲಾಪ್ರತಿಮೆಯಿದೆ. ಐದು ಮೀಟರಿಗೂ ಮಿಕ್ಕಿ ಎತ್ತರವಿರುವ, 1474ರ ಕಾಲದ ಈ ವೀರನ ಹೆಸರು ರೋಲಾಂಡ್. ಉತ್ತರ ಜರ್ಮನಿಯ ಪಟ್ಟಣವೊಂದರಲ್ಲಿ ರೋಲಾಂಡ್ ನಿಂತಿದ್ದಾನೆಂದರೆ ಆ ಊರಿಗೆ ತನ್ನದೇ ಹಕ್ಕುಗಳುಂಟು, ತನ್ನದೇ ನ್ಯಾಯವುಂಟು ಎಂದು ಅರ್ಥ. ನಮ್ಮ ಕಡೆ ದಾನಶಾಸನದ ಕಲ್ಲು ಹೇಳುವ ಮಾತನ್ನು ಅಲ್ಲಿ ಈ ಕಲ್ಲಿನ ವೀರ ಹೇಳುತ್ತಾನೆ.

ಈ ಊರಿನ ಒಂದು ಸಣ್ಣ ನ್ಯಾಯಾಲಯದ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇವೆ. ಸಾಮ್ರಾಜ್ಯಗಳ ಚರಿತ್ರೆಯನ್ನು ಓದುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ಅರಮನೆ, ರಣರಂಗ, ಸಂಸತ್ತುಗಳ ಕಡೆ ಹೋಗುತ್ತದೆ. ಬಾಡಿಗೆ ಜಗಳ, ಹೊಲದ ಖಾತೆ, ತೀರಿಹೋದವರ ಆಸ್ತಿ, ದಿಕ್ಕಿಲ್ಲದ ಮಕ್ಕಳ ಪಾಲನೆ ಇವುಗಳನ್ನು ನೋಡಿಕೊಳ್ಳುವ ಕೆಳಗಿನ ಕೋರ್ಟಿಗೂ ಒಂದು ಚರಿತ್ರೆಯಿರಬಹುದೆಂದು ನಾವು ಎಣಿಸುವುದಿಲ್ಲ. ಆದರೆ ಪ್ರಭುತ್ವವು ತನ್ನ ಪ್ರಜೆಯನ್ನು ನಿಜವಾಗಿ ಹೇಗೆ ಕಾಣುತ್ತದೆ ಎಂಬುದು ತಿಳಿಯುವುದು ಅಲ್ಲಿಯೇ. ಪರಭಾಷೆಯ ಊರುಗಳಲ್ಲಿ ಬಾಡಿಗೆ ಕರಾರಿಗೆ, ವಾರಸುದಾರಿಕೆಯ ಕಾಗದಕ್ಕೆ ಕಚೇರಿಗಳ ಮೆಟ್ಟಿಲು ಹತ್ತಿದ ಹೊರನಾಡಿನ ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರಾಂಡನ್‌ಬುರ್ಗಿಗೆ ನ್ಯಾಯದಾನದ ನಂಟು ಬಹಳ ಹಳೆಯದು. ಮಧ್ಯಯುಗದಲ್ಲಿ ಇಲ್ಲಿ ‘ಷೋಪ್ಪನ್‌ಸ್ಟೂಲ್’ ಎಂಬ ಪೀಠವೊಂದಿತ್ತು. ಷೋಪ್ಪನ್ ಎಂದರೆ ಊರಿನ ಪ್ರತಿಷ್ಠಿತರಿಂದ ಆಯ್ದು ನ್ಯಾಯಕ್ಕೆ ಕೂರಿಸಿದವರು. ಸುತ್ತಮುತ್ತಲ ಪಟ್ಟಣಗಳು ತಮಗೆ ಬಗೆಹರಿಯದ ವ್ಯಾಜ್ಯಗಳನ್ನು ಬರೆದು ಇಲ್ಲಿಗೆ ಕಳುಹಿಸುತ್ತಿದ್ದವು. ಈ ಪೀಠ ತನ್ನ ಅಭಿಪ್ರಾಯವನ್ನು ಬರೆದು ಹಿಂದಿರುಗಿಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಅದು ಬಾಳಿತು. ಇಂದಿಗೂ ಜರ್ಮನಿಯ ಕೆಳ ನ್ಯಾಯಾಲಯಗಳಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ನ್ಯಾಯಾಧೀಶರ ಪಕ್ಕದಲ್ಲಿ ಇಬ್ಬರು ಸಾಮಾನ್ಯ ನಾಗರಿಕರು ಕೂರುವುದುಂಟು. ಅವರನ್ನು ‘ಷೋಫ್ಫನ್’ ಎನ್ನುತ್ತಾರೆ. ಪೀಠ ಹೋಯಿತು, ಪದ ಉಳಿಯಿತು.

ಊರಿಗೆ ತನ್ನ ನ್ಯಾಯವಿದ್ದಂತೆ ಜಹಗೀರುದಾರನಿಗೂ ತನ್ನ ನ್ಯಾಯವಿತ್ತು. ಪ್ರಷ್ಯದ ಹಳ್ಳಿಗಾಡಿನಲ್ಲಿ ಜಮೀನಿನ ಒಡೆಯನೇ ತನ್ನ ಒಕ್ಕಲುಗಳ ಮೇಲೆ ನ್ಯಾಯಾಧಿಕಾರವನ್ನು ಹೊಂದಿದ್ದನು. ಗೇಣಿ ವಸೂಲು ಮಾಡುವವನೂ ಅವನೇ, ಗೇಣಿಯ ತಂಟೆಯನ್ನು ತೀರ್ಮಾನಿಸುವ ಕೋರ್ಟಿಗೆ ಧಣಿಯೂ ಅವನೇ. ಇವೆಲ್ಲಕ್ಕೂ ಮೇಲೆ ರಾಜನ ಮಾತು. ಈ ಮೂರರ ನಡುವೆ ಕಾನೂನು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು 1779ರಲ್ಲಿ ಒಬ್ಬ ಗಿರಣಿಯವನು ಮುಂದೆ ತಂದನು.

ಅವನ ಹೆಸರು ಆರ್ನಾಲ್ಡ್. ಅವನದು ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಹೊಳೆಯ ಮೇಲ್ಭಾಗದಲ್ಲಿ ಜಮೀನುದಾರನೊಬ್ಬ ಮೀನು ಸಾಕಲು ಕೊಳ ತೋಡಿಸಿದ್ದರಿಂದ ತನಗೆ ನೀರು ಸಾಲುತ್ತಿಲ್ಲ, ಆದ್ದರಿಂದ ಗೇಣಿ ಕೊಡಲಾಗದು ಎಂದು ಅವನು ವಾದಿಸಿದ. ಕೋರ್ಟುಗಳು ಒಂದರ ಮೇಲೊಂದರಂತೆ ಅವನ ವಿರುದ್ಧವೇ ತೀರ್ಪು ಕೊಟ್ಟವು. ಗಿರಣಿಯವನು ದೊರೆ ಎರಡನೆಯ ಫ್ರೆಡರಿಕ್‌ನ ಮೊರೆಹೊಕ್ಕ. ಬಡವನಿಗೆ ಅನ್ಯಾಯವಾಗಿದೆಯೆಂದು ನಂಬಿದ ದೊರೆ ಕೆರಳಿ, ತೀರ್ಪು ಕೊಟ್ಟ ನ್ಯಾಯಾಧೀಶರನ್ನು ಸೆರೆಗೆ ಹಾಕಿಸಿದನು. ನ್ಯಾಯಾಡಳಿತದ ಮುಖ್ಯಸ್ಥನನ್ನೇ ಕೆಲಸದಿಂದ ತೆಗೆದನು. ಜನ ದೊರೆಯನ್ನು ಕೊಂಡಾಡಿದರು. ಆದರೆ ಫ್ರೆಡರಿಕ್ 1786ರಲ್ಲಿ ತೀರಿಕೊಂಡ ಮೇಲೆ ಮುಂದಿನ ದೊರೆ ಆ ನ್ಯಾಯಾಧೀಶರ ಮೇಲಿನ ಕಳಂಕವನ್ನು ತೊಡೆದುಹಾಕಿದನು. ದೊರೆಯ ಉದ್ದೇಶ ಒಳ್ಳೆಯದೇ ಇದ್ದೀತು. ಆದರೂ ದೊರೆಯ ಇಚ್ಛೆಯೇ ತೀರ್ಪಾಗಿಬಿಟ್ಟರೆ ಕೋರ್ಟು ಏಕೆ ಬೇಕು? ಪ್ರಷ್ಯದ ಕಾನೂನು ಪಂಡಿತರನ್ನು ಈ ಪ್ರಶ್ನೆ ಬಹುಕಾಲ ಕಾಡಿತು. ಇದೇ ಪ್ರಶ್ನೆ ನೂರ ಅರುವತ್ತು ವರ್ಷಗಳ ಮೇಲೆ, ಹೋಲಿಕೆಗೇ ನಿಲುಕದ ಕ್ರೌರ್ಯದ ಸಂದರ್ಭದಲ್ಲಿ, ಬ್ರಾಂಡನ್‌ಬುರ್ಗಿನ ಸಣ್ಣ ಕೋರ್ಟಿನಲ್ಲಿ ಮತ್ತೆ ಏಳಲಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾವಣೆ ನಿಧಾನವಾಗಿ ಬಂತು. 1848ರ ಕ್ರಾಂತಿಯ ಬೆನ್ನಿಗೆ, 1849ರ ಜನವರಿಯಲ್ಲಿ, ಜಮೀನುದಾರರ ನ್ಯಾಯಾಧಿಕಾರವನ್ನು ಪ್ರಷ್ಯ ರದ್ದುಮಾಡಿತು. ಜರ್ಮನಿ ಒಂದಾದ ಮೇಲೆ 1877ರಲ್ಲಿ ನ್ಯಾಯಾಲಯಗಳ ರಚನೆಯ ಕಾನೂನು ಹುಟ್ಟಿ, 1879ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಒಂದೇ ಬಗೆಯ ಏಣಿ ಸಿದ್ಧವಾಯಿತು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಆಮ್ಟ್ಸ್‌ಗೆರಿಷ್ಟ್. ಅದರ ಮೇಲೆ ಲಾಂಡ್‌ಗೆರಿಷ್ಟ್, ಓಬರ್‌ಲಾಂಡಸ್‌ಗೆರಿಷ್ಟ್, ತುದಿಯಲ್ಲಿ ಲೈಪ್‌ಜಿಗ್ ನಗರದ ಸಾಮ್ರಾಜ್ಯ ನ್ಯಾಯಾಲಯ. ಬ್ರಾಂಡನ್‌ಬುರ್ಗಿನ ಆಮ್ಟ್ಸ್‌ಗೆರಿಷ್ಟ್ ಪೋಟ್ಸ್‌ಡಾಮ್ ನಗರದ ಲಾಂಡ್‌ಗೆರಿಷ್ಟಿಗೆ ಅಧೀನವಾಗಿತ್ತು.

ಆಮ್ಟ್ಸ್‌ಗೆರಿಷ್ಟ್ ಎಂದರೆ ಏನೆಂದು ಕನ್ನಡದಲ್ಲಿ ಹೇಳುವುದು ಹೇಗೆ? ನಮ್ಮ ಹಳೆಯ ಮುನ್ಸೀಫ್ ಕೋರ್ಟು ನೆನಪಾಗುತ್ತದೆ. ಆದರೆ ಹೋಲಿಕೆ ಅರ್ಧದಾರಿಗೇ ನಿಲ್ಲುತ್ತದೆ. ಸಣ್ಣ ಮೊತ್ತದ ದಾವೆಗಳನ್ನು (ಆರಂಭದಲ್ಲಿ 300 ಮಾರ್ಕುಗಳವರೆಗೆ) ಒಬ್ಬನೇ ನ್ಯಾಯಾಧೀಶ ಕೂತು ಕೇಳುವುದು ಅದರ ಒಂದು ಮುಖ. ಜಮೀನಿನ ಹಕ್ಕುಗಳನ್ನು ದಾಖಲಿಸುವ ಭೂದಫ್ತರವೂ ಇದೇ ಕೋರ್ಟಿನಲ್ಲಿರುತ್ತದೆ. ನಮ್ಮಲ್ಲಿ ನೋಂದಣಿ ಕಚೇರಿಗೂ ಕಂದಾಯ ಇಲಾಖೆಗೂ ಅಲೆಯಬೇಕಾದ ಕೆಲಸ ಅಲ್ಲಿ ನ್ಯಾಯಾಲಯದ ಒಳಗೇ ನಡೆಯುತ್ತದೆ. ಮರಣಶಾಸನವನ್ನು ತೆರೆಯುವುದು, ವಾರಸುದಾರರನ್ನು ಗೊತ್ತುಮಾಡುವುದು ಅಲ್ಲಿಯ ಕೆಲಸವೇ. ಇವೆಲ್ಲಕ್ಕಿಂತ ಮುಖ್ಯವಾಗಿ, ತಮ್ಮನ್ನು ತಾವು ನೋಡಿಕೊಳ್ಳಲಾರದವರ ಪಾಲನೆಯ ಹೊಣೆ ಅದರದು. 1900ರ ಜನವರಿ 1ರಂದು ಜಾರಿಗೆ ಬಂದ ಜರ್ಮನ್ ಸಿವಿಲ್ ಸಂಹಿತೆಯ ಪ್ರಕಾರ, ಬುದ್ಧಿಭ್ರಮಣೆಯಾದ ವಯಸ್ಕನನ್ನು ಕಾನೂನಿನ ದೃಷ್ಟಿಯಲ್ಲಿ ಅಸಮರ್ಥನೆಂದು ಸಾರಿ, ಅವನಿಗೊಬ್ಬ ಪಾಲಕನನ್ನು ನೇಮಿಸಬಹುದಿತ್ತು. ಆ ಪಾಲಕ ನೆಟ್ಟಗೆ ನಡೆಯುತ್ತಾನೋ ಇಲ್ಲವೋ ಎಂದು ನೋಡಬೇಕಾದವನು ಆಮ್ಟ್ಸ್‌ಗೆರಿಷ್ಟಿನ ಪಾಲನಾ ನ್ಯಾಯಾಧೀಶ. ಅವನ ಮೇಜಿನ ಮೇಲೆ ಪ್ರತಿಯೊಬ್ಬ ಪಾಲಿತನಿಗೂ ಒಂದೊಂದು ಕಡತ.

ಕಾನೂನು ಹೀಗೆ ಅತಿ ದುರ್ಬಲನನ್ನು ಒಬ್ಬ ನ್ಯಾಯಾಧೀಶನ ವಶಕ್ಕೆ ಒಪ್ಪಿಸಿತು. ಆ ನ್ಯಾಯಾಧೀಶನೇ ಕೈಬಿಟ್ಟರೆ ಏನಾದೀತು ಎಂಬುದಕ್ಕೆ 1933ರ ಅನಂತರದ ವರ್ಷಗಳು ಸಾಕ್ಷಿಯಾದವು. ನಾತ್ಸಿ ಸರ್ಕಾರ 1933ರ ಏಪ್ರಿಲಿನಲ್ಲಿ ಯೆಹೂದಿ ನ್ಯಾಯಾಧೀಶರನ್ನು ಸೇವೆಯಿಂದ ಹೊರದೂಡಲು ಕಾನೂನು ಮಾಡಿತು. ಅದೇ ಜುಲೈನಲ್ಲಿ ‘ಆನುವಂಶಿಕ ರೋಗ’ ಉಳ್ಳವರೆಂದು ಹಣೆಪಟ್ಟಿ ಹಚ್ಚಿದವರನ್ನು ಬಲವಂತವಾಗಿ ಸಂತಾನಹೀನರನ್ನಾಗಿಸುವ ಕಾನೂನು ಬಂತು. ಅದಕ್ಕೆಂದೇ ಹುಟ್ಟಿಕೊಂಡ ವಿಶೇಷ ನ್ಯಾಯಪೀಠಗಳನ್ನು ಆಮ್ಟ್ಸ್‌ಗೆರಿಷ್ಟುಗಳಿಗೇ ಜೋಡಿಸಲಾಯಿತು. ಆಮ್ಟ್ಸ್‌ಗೆರಿಷ್ಟಿನ ನ್ಯಾಯಾಧೀಶನೇ ಅದರ ಅಧ್ಯಕ್ಷ, ಇಬ್ಬರು ವೈದ್ಯರು ಸದಸ್ಯರು. ನಾತ್ಸಿ ಆಳ್ವಿಕೆ ಮುಗಿಯುವ ಹೊತ್ತಿಗೆ ಸುಮಾರು 4 ಲಕ್ಷ ಜನ ಈ ಶಸ್ತ್ರಕ್ರಿಯೆಗೆ ಒಳಗಾಗಿದ್ದರು. ಅರ್ಜಿ, ವಿಚಾರಣೆ, ತೀರ್ಪು, ಮೇಲ್ಮನವಿಗೆ ಅವಕಾಶ ಎಲ್ಲವೂ ಅಲ್ಲಿದ್ದವು. ನ್ಯಾಯದ ವಿಧಿಗಳೆಲ್ಲ ಸಾಂಗವಾಗಿ ನೆರವೇರುತ್ತಿರುವಾಗಲೇ ನ್ಯಾಯ ಸತ್ತುಹೋಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇಂಥ ಕಾಲದಲ್ಲಿ, 1937ರಲ್ಲಿ, ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶರು ಬ್ರಾಂಡನ್‌ಬುರ್ಗಿಗೆ ಬಂದರು. ಅವರು 1898ರಲ್ಲಿ ಸಾಕ್ಸನಿ ಪ್ರಾಂತದ ಫ್ಲೋಹ ಎಂಬಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. ಲೈಪ್‌ಜಿಗ್‌ನಲ್ಲಿ ಕಾನೂನು ಓದಿ, ಕೆಮ್ನಿಟ್ಸ್ ನಗರದಲ್ಲಿ ನ್ಯಾಯಾಧೀಶರಾಗಿದ್ದವರು. ನಾತ್ಸಿ ಪಕ್ಷದ ಸದಸ್ಯತ್ವವನ್ನು ಅವರು ಪಡೆಯಲಿಲ್ಲ. ಚರ್ಚನ್ನು ಪಕ್ಷದ ಅಂಗವಾಗಿಸಲು ನಡೆದ ಯತ್ನವನ್ನು ವಿರೋಧಿಸಿದ ಪ್ರೊಟೆಸ್ಟಂಟರ ಬಣದಲ್ಲಿ ಅವರು ಮುಂದಾಳಾಗಿದ್ದರು. ಬ್ರಾಂಡನ್‌ಬುರ್ಗಿನ ಬಳಿಯ ಹೋಹನ್‌ಫರ್ಕೆಸಾರ್ ಎಂಬ ಹಳ್ಳಿಯಲ್ಲಿ ಜಮೀನು ಕೊಂಡು, ಒಂದು ಕಡೆ ಬೇಸಾಯ, ಇನ್ನೊಂದು ಕಡೆ ಪಾಲನಾ ನ್ಯಾಯಾಧೀಶನ ಕೆಲಸ ಎಂದು ಬದುಕಿದರು. ಹೆಸರು ಮಾಡುವಂಥ ಹುದ್ದೆಯೇನೂ ಅದಲ್ಲ. ಅವರ ಮುಂದಿದ್ದವರು ಮನೋರೋಗಿಗಳು, ಬುದ್ಧಿ ಬೆಳೆಯದವರು, ಆಸ್ಪತ್ರೆಗಳಲ್ಲಿಯೇ ವರ್ಷಾನುಗಟ್ಟಲೆ ಉಳಿದುಹೋದವರು. ತಮ್ಮ ಪರವಾಗಿ ಒಂದು ಮಾತನ್ನೂ ಆಡಲಾರದ ಜನ.

1940ರ ಬೇಸಿಗೆಯಲ್ಲಿ ಆ ಕಡತಗಳು ಒಂದೊಂದಾಗಿ ಮುಚ್ಚತೊಡಗಿದವು. ಪಾಲಿತನು ಬೇರೊಂದು ಸಂಸ್ಥೆಗೆ ವರ್ಗವಾದನು, ಅಲ್ಲಿ ತೀರಿಕೊಂಡನು ಎಂಬ ಸುದ್ದಿ. ಆಮೇಲೆ ಮತ್ತೊಬ್ಬ, ಮಗುದೊಬ್ಬ. ಸತ್ತವರ ಮನೆಯವರಿಗೆ ಯಾವುದೋ ಕಾಯಿಲೆಯ ಹೆಸರು ಹೇಳುವ ಸಂತಾಪದ ಪತ್ರ ಬರುತ್ತಿತ್ತು. ದೇಹವನ್ನು ಆಗಲೇ ದಹನ ಮಾಡಲಾಗಿದೆ ಎಂಬ ಒಕ್ಕಣೆ ಅದರಲ್ಲಿರುತ್ತಿತ್ತು. ಒಂದು ಮನೆಗೆ ಬಂದ ಒಂದು ಪತ್ರ ದುಃಖದ ಸುದ್ದಿಯಷ್ಟೆ. ಅಂಥ ಹತ್ತಾರು ಸುದ್ದಿಗಳು ಒಂದೇ ಮೇಜಿಗೆ ಬಂದಾಗ ಅವುಗಳಲ್ಲಿ ಒಂದು ಕ್ರಮ ಕಾಣಿಸುತ್ತದೆ. ಸಣ್ಣ ಕೋರ್ಟಿನ ಪಾಲನಾ ನ್ಯಾಯಾಧೀಶನಿಗೆ ದಕ್ಕಿದ್ದ ಮಹತ್ವದ ಸ್ಥಾನವೆಂದರೆ ಇದೇ: ಯಾರೂ ಒಟ್ಟಿಗೆ ನೋಡದ ಸಾವುಗಳನ್ನು ಅವನು ಒಟ್ಟಿಗೆ ನೋಡಬಲ್ಲವನಾಗಿದ್ದ. ನೋಡಬಲ್ಲ ನ್ಯಾಯಾಧೀಶರು ದೇಶದ ತುಂಬ ಇದ್ದರು. ಕ್ರೈಸಿಗ್ ನೋಡಿದರು.

ಅವರು ಶಂಕಿಸಿದ್ದು ನಿಜವೇ ಆಗಿತ್ತು. ಮುಂದೆ ‘ಟಿ4’ ಎಂದು ಹೆಸರಾದ ಆ ಕಾರ್ಯಾಚರಣೆಯಲ್ಲಿ 1940ರ ಜನವರಿಯಿಂದ 1941ರ ಆಗಸ್ಟಿನವರೆಗೆ, ಆರು ಕೇಂದ್ರಗಳಲ್ಲಿ, 70 ಸಾವಿರಕ್ಕೂ ಹೆಚ್ಚು ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಲ್ಲಲಾಯಿತು. ಗ್ರಾಫನೆಕ್, ಹಾರ್ಟ್‌ಹೈಮ್, ಸೊನ್ನನ್‌ಸ್ಟೈನ್, ಬೆರ್ನ್‌ಬುರ್ಗ್, ಹಡಮಾರ್ ಇವು ಐದು. ಆರನೆಯದು ಬ್ರಾಂಡನ್‌ಬುರ್ಗ್. ಊರ ನಡುವೆಯೇ ಇದ್ದ ಹಳೆಯ ಸೆರೆಮನೆಯನ್ನು ಇದಕ್ಕೆ ಬಳಸಿಕೊಂಡಿದ್ದರು. ಚಿಮಣಿಯ ಹೊಗೆ ಊರವರ ಕಣ್ಣಿಗೆ ಬೀಳತೊಡಗಿದ ಮೇಲೆ ಹೆಣ ಸುಡುವ ಕೆಲಸವನ್ನು ಊರ ಹೊರಕ್ಕೆ ಸಾಗಿಸಿದರು; ಕೊಲ್ಲುವ ಕೆಲಸ ಅಲ್ಲಿಯೇ ನಡೆಯಿತು. 1940ರ ಅಕ್ಟೋಬರಿನಲ್ಲಿ ಆ ಕೇಂದ್ರ ಮುಚ್ಚುವಷ್ಟರಲ್ಲಿ 9 ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸತ್ತಿದ್ದರು. ಒಂದೇ ಪಟ್ಟಣದಲ್ಲಿ ಪಾಲನೆಯ ಕೋರ್ಟು ಒಂದು ಕಡೆ, ಕೊಲೆಯ ಕಾರ್ಖಾನೆ ಇನ್ನೊಂದು ಕಡೆ.

1940ರ ಜುಲೈ 8ರಂದು ಕ್ರೈಸಿಗ್ ನ್ಯಾಯಮಂತ್ರಿ ಫ್ರಾಂಟ್ಸ್ ಗ್ಯೂರ್ಟ್ನರ್ ಅವರಿಗೆ ಪತ್ರ ಬರೆದರು. ಆಸ್ಪತ್ರೆಗಳಲ್ಲಿದ್ದ ರೋಗಿಗಳನ್ನು ಸಾಮೂಹಿಕವಾಗಿ ಕೊಲ್ಲಲಾಗುತ್ತಿದೆ ಎಂಬ ಸಂಶಯವನ್ನು ಅದರಲ್ಲಿ ಮರೆಮಾಚದೆ ಬರೆದಿದ್ದರು. ಜನಕ್ಕೆ ಉಪಯುಕ್ತವಾದುದೇ ನ್ಯಾಯ ಎಂಬ ಅಂದಿನ ಘೋಷಣೆಯನ್ನು ಖಂಡಿಸಿದರು. ಬದುಕಿನ ಬೆಲೆಯನ್ನು ಉಪಯೋಗದಿಂದ ಅಳೆಯುವ ಹಕ್ಕು ಮನುಷ್ಯನಿಗಿಲ್ಲ ಎಂದರು. ಸೆರೆ ಶಿಬಿರಗಳಲ್ಲಿ ಕಾನೂನಿನ ರಕ್ಷಣೆಯೇ ಇಲ್ಲವೆಂಬುದನ್ನೂ ಎತ್ತಿಹೇಳಿದರು. ಆ ದಿನಗಳಲ್ಲಿ ಒಬ್ಬ ಕೆಳ ನ್ಯಾಯಾಧೀಶ ಮಂತ್ರಿಗೆ ಬರೆಯಬಹುದಾದ ಪತ್ರ ಅದಾಗಿರಲಿಲ್ಲ.

ಪತ್ರಕ್ಕೆ ಅವರು ನಿಲ್ಲಲಿಲ್ಲ. ಕೊಲೆಗಳ ಸೂತ್ರ ಹಿಟ್ಲರನ ಖಾಸಗಿ ಕಾರ್ಯಾಲಯದ ಮುಖ್ಯಸ್ಥ ಫಿಲಿಪ್ ಬೌಲರ್‌ನ ಕೈಯಲ್ಲಿದೆ ಎಂದು ತಿಳಿದಾಗ, ಅವನ ಮೇಲೆ ಕೊಲೆಯ ಆಪಾದನೆ ಹೊರಿಸಿ ಪೋಟ್ಸ್‌ಡಾಮ್‌ನ ಸರ್ಕಾರಿ ಅಭಿಯೋಜಕರಿಗೆ ಫಿರ್ಯಾದು ಕೊಟ್ಟರು. ತಮ್ಮ ಪಾಲಿತರಿದ್ದ ಆಸ್ಪತ್ರೆಗಳಿಗೆ, ನ್ಯಾಯಾಲಯದ ಒಪ್ಪಿಗೆಯಿಲ್ಲದೆ ಅವರಲ್ಲಿ ಒಬ್ಬರನ್ನೂ ಬೇರೆಡೆಗೆ ಕಳುಹಿಸಕೂಡದೆಂದು ಆಜ್ಞೆ ಹೊರಡಿಸಿದರು. ಈ ಆಜ್ಞೆಯಲ್ಲಿ ಹೊಸದೇನೂ ಇರಲಿಲ್ಲ. ಪಾಲನಾ ನ್ಯಾಯಾಧೀಶ ತನ್ನ ಪಾಲಿತರ ಯೋಗಕ್ಷೇಮ ನೋಡಬೇಕೆಂದು ಕಾನೂನಿನಲ್ಲಿಯೇ ಇತ್ತು. ಕ್ರೈಸಿಗ್ ಅದನ್ನು ಓದಿದಂತೆಯೇ ನಡೆದುಕೊಂಡರು.

1940ರ ನವೆಂಬರ್ 13ರಂದು ಗ್ಯೂರ್ಟ್ನರ್ ಅವರನ್ನು ಬರ್ಲಿನ್ನಿಗೆ ಕರೆಸಿಕೊಂಡು ಒಂದು ಕಾಗದದ ಪ್ರತಿಯನ್ನು ಮುಂದಿಟ್ಟರು. 1939ರ ಸೆಪ್ಟೆಂಬರ್ 1ರ ತಾರೀಖು ಹೊತ್ತ, ಹಿಟ್ಲರನ ಸಹಿಯಿದ್ದ, ಅವನ ಖಾಸಗಿ ಕಾಗದ ಅದು. ಗುಣವಾಗದ ರೋಗಿಗಳಿಗೆ ‘ದಯಾಮರಣ’ ನೀಡುವ ಅಧಿಕಾರವನ್ನು ಬೌಲರ್‌ಗೂ ಡಾಕ್ಟರ್ ಬ್ರಾಂಟ್‌ಗೂ ಅದು ಕೊಟ್ಟಿತ್ತು. ಮಂತ್ರಿಯ ದೃಷ್ಟಿಯಲ್ಲಿ ಚರ್ಚೆ ಅಲ್ಲಿಗೆ ಮುಗಿಯಬೇಕಿತ್ತು. ನಾಯಕನ ಮಾತು ನ್ಯಾಯವನ್ನು ಸೃಷ್ಟಿಸಲಾರದೆಂದು ಕ್ರೈಸಿಗ್ ಉತ್ತರಿಸಿದರು. ನಾಯಕನ ಇಚ್ಛೆಯನ್ನು ನ್ಯಾಯದ ಮೂಲವೆಂದು ಒಪ್ಪಲಾರದವರು ನ್ಯಾಯಾಧೀಶರಾಗಿ ಉಳಿಯಲಾರರು ಎಂದರು ಮಂತ್ರಿ. ಆಜ್ಞೆಗಳನ್ನು ಹಿಂತೆಗೆದುಕೊಳ್ಳಲು ಕ್ರೈಸಿಗ್ ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಅವರನ್ನು ಕೆಲಸದಿಂದ ದೂರವಿಟ್ಟರು. 1942ರ ಮಾರ್ಚಿನಲ್ಲಿ ಹಿಟ್ಲರನ ಆದೇಶದ ಮೇರೆಗೆ ನಿವೃತ್ತಿಗೊಳಿಸಿದರು.

ಇಲ್ಲಿ ಒಂದು ಮಾತನ್ನು ನಾವು ಗಮನಿಸಬೇಕು. ಕಾನೂನೇ ಹಾಗಿತ್ತು, ನಾವು ಏನು ಮಾಡಲು ಸಾಧ್ಯವಿತ್ತು ಎಂಬುದು ಯುದ್ಧಾನಂತರ ಜರ್ಮನಿಯ ಅನೇಕ ನ್ಯಾಯಾಧೀಶರ ಸಮಾಧಾನವಾಗಿತ್ತು. ಈ ಪ್ರಕರಣದ ಮಟ್ಟಿಗೆ ಆ ಸಮಾಧಾನ ನಿಲ್ಲುವುದಿಲ್ಲ. ರೋಗಿಗಳನ್ನು ಕೊಲ್ಲಬಹುದೆಂಬ ಕಾನೂನನ್ನು ನಾತ್ಸಿ ಸರ್ಕಾರ ಎಂದೂ ಪ್ರಕಟಿಸಲಿಲ್ಲ. ಕೊಲೆಯನ್ನು ಅಪರಾಧವೆನ್ನುವ ದಂಡಸಂಹಿತೆಯ ಕಲಮು ಆಗಲೂ ಜಾರಿಯಲ್ಲಿಯೇ ಇತ್ತು. ಇದ್ದುದು ಒಂದು ಖಾಸಗಿ ಚೀಟಿ ಮಾತ್ರ. ಕ್ರೈಸಿಗ್ ಕಾನೂನನ್ನು ಮುರಿದವರಲ್ಲ, ಅದನ್ನು ಹಿಡಿದು ನಿಂತವರು. 1779ರಲ್ಲಿ ದೊರೆಯ ಕೋಪಕ್ಕೆ ತುತ್ತಾಗಿಯೂ ತಮ್ಮ ತೀರ್ಪನ್ನು ಬದಲಿಸದ ಪ್ರಷ್ಯದ ನ್ಯಾಯಾಧೀಶರ ಪರಂಪರೆಗೆ ಅವರು ಸೇರಿದವರು.

1941ರ ಏಪ್ರಿಲಿನಲ್ಲಿ, ಗ್ಯೂರ್ಟ್ನರ್ ತೀರಿಕೊಂಡ ಮೇಲೆ, ನ್ಯಾಯ ಸಚಿವಾಲಯದ ಹೊಣೆ ಹೊತ್ತ ಶ್ಲೇಗಲ್‌ಬರ್ಗರ್ ದೇಶದ ಉಚ್ಚ ನ್ಯಾಯಾಲಯಗಳ ಅಧ್ಯಕ್ಷರನ್ನೂ ಮುಖ್ಯ ಅಭಿಯೋಜಕರನ್ನೂ ಬರ್ಲಿನ್ನಿನಲ್ಲಿ ಸೇರಿಸಿದನು. ಅವರಿಗೆ ಟಿ4 ಕಾರ್ಯಾಚರಣೆಯನ್ನು ವಿವರಿಸಿ, ಆ ಬಗ್ಗೆ ಬರುವ ದೂರುಗಳನ್ನು ತನಿಖೆ ಮಾಡದೆ ಸಚಿವಾಲಯಕ್ಕೆ ಕಳುಹಿಸಬೇಕೆಂದು ತಿಳಿಸಲಾಯಿತು. ಸಭೆಯಲ್ಲಿ ಒಬ್ಬರೂ ಎದ್ದುನಿಂತು ವಿರೋಧಿಸಲಿಲ್ಲ. 1965ರಲ್ಲಿ ಫ್ರಾಂಕ್‌ಫುರ್ಟಿನ ಮುಖ್ಯ ಅಭಿಯೋಜಕ ಫ್ರಿಟ್ಸ್ ಬೌವರ್ ಈ ಸಭೆಯಲ್ಲಿದ್ದವರ ಮೇಲೆ ಪ್ರಕರಣ ಎತ್ತಿದರು. ಅವರು ತೀರಿಕೊಂಡ ಮೇಲೆ, 1970ರಲ್ಲಿ, ಅದನ್ನು ಸದ್ದಿಲ್ಲದೆ ಕೈಬಿಡಲಾಯಿತು. ನ್ಯಾಯಾಂಗದ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ನಿಂತವರೆಲ್ಲ ಮೌನವಾಗಿದ್ದಾಗ ಮಾತನಾಡಿದವನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನವನು.

ಕ್ರೈಸಿಗ್ ಅವರ ಪತ್ರದಿಂದ ಕೊಲೆಗಳು ನಿಲ್ಲಲಿಲ್ಲ ಎಂಬುದನ್ನೂ ಹೇಳಲೇಬೇಕು. 1941ರ ಆಗಸ್ಟಿನಲ್ಲಿ, ಬಿಷಪ್ ಗಾಲನ್ ಅವರು ಬಹಿರಂಗವಾಗಿ ಖಂಡಿಸಿದ ಮೇಲೆ, ವಿಷಾನಿಲದ ಕೇಂದ್ರಗಳಲ್ಲಿ ರೋಗಿಗಳ ಹತ್ಯೆಯನ್ನು ನಿಲ್ಲಿಸಿದರೂ, ಆಸ್ಪತ್ರೆಗಳಲ್ಲಿ ಮದ್ದಿನಿಂದಲೂ ಉಪವಾಸದಿಂದಲೂ ಕೊಲ್ಲುವುದು ಮುಂದುವರಿಯಿತು. ಕ್ರೈಸಿಗ್ ಅವರಿಗಾದ ಶಿಕ್ಷೆಯಾದರೋ ನಿವೃತ್ತಿ ಮಾತ್ರ. ಇಷ್ಟೇ ಆಗುವುದಿದ್ದರೆ ಇತರರು ಏಕೆ ಬಾಯಿಬಿಡಲಿಲ್ಲ ಎಂದು ನಾವು ಇಂದು ಕೇಳುವುದು ಸುಲಭ. ಇಷ್ಟೇ ಆಗುವುದೆಂದು ಅವರಿಗೆ 1940ರಲ್ಲಿ ತಿಳಿದಿರಲಿಲ್ಲ. ತಿಳಿಯದೆಯೂ ಬರೆದರು. ಹೆದರಿಕೆಯನ್ನು ಬಲ್ಲ ನಾವು ಇತರರನ್ನು ತೀರ್ಪಿಗೆ ಗುರಿಮಾಡುವ ಮುನ್ನ ತಡೆಯಬಹುದು. ಆದರೆ ಬೇರೆ ದಾರಿಯೇ ಇರಲಿಲ್ಲ ಎಂಬ ಮಾತನ್ನು ಒಪ್ಪುವಂತಿಲ್ಲ. ಒಂದು ದಾರಿಯಿತ್ತು, ಒಬ್ಬರು ನಡೆದು ತೋರಿಸಿದ್ದಾರೆ.

ಕೆಲಸ ಹೋದ ಮೇಲೆ ಕ್ರೈಸಿಗ್ ತಮ್ಮ ಹೊಲಕ್ಕೆ ಮರಳಿದರು. ಅವರೂ ಪತ್ನಿ ಯೊಹಾನ್ನ ಅವರೂ ಆ ಹಳ್ಳಿಯ ಮನೆಯಲ್ಲಿ ಇಬ್ಬರು ಯೆಹೂದಿ ಸ್ತ್ರೀಯರನ್ನು ಅಡಗಿಸಿಟ್ಟು ಕಾಪಾಡಿದರು. ಯುದ್ಧ ಮುಗಿದ ಮೇಲೆ ನ್ಯಾಯಪೀಠಕ್ಕೆ ಅವರು ಹಿಂದಿರುಗಲಿಲ್ಲ. ಪೂರ್ವ ಜರ್ಮನಿಯ ಚರ್ಚಿನ ಕೆಲಸದಲ್ಲಿ ತೊಡಗಿದರು. 1958ರಲ್ಲಿ, ಜರ್ಮನರಿಂದ ನೊಂದ ನಾಡುಗಳಿಗೆ ಜರ್ಮನ್ ಯುವಕರು ಹೋಗಿ ಕೈಯಾರೆ ದುಡಿದು ಪ್ರಾಯಶ್ಚಿತ್ತ ಮಾಡಬೇಕೆಂಬ ‘ಆಕ್ಟ್‌ಸಿಯೋನ್ ಸ್ಯೂನೆತ್ಸೈಷನ್’ ಎಂಬ ಸಂಘಟನೆಯನ್ನು ಕಟ್ಟಿದರು. ಅದು ಇಂದಿಗೂ ಕೆಲಸ ಮಾಡುತ್ತಿದೆ. 1986ರಲ್ಲಿ ಅವರು ತೀರಿಕೊಂಡರು.

ಅವರ ಕೋರ್ಟಿಗೂ ಆಮೇಲೆ ಬೇರೊಂದು ಗತಿ ಬಂತು. 1952ರಲ್ಲಿ ಪೂರ್ವ ಜರ್ಮನಿ ಆಮ್ಟ್ಸ್‌ಗೆರಿಷ್ಟುಗಳನ್ನು ತೆಗೆದುಹಾಕಿ, ಜಿಲ್ಲೆಗೊಂದರಂತೆ ‘ಕ್ರೈಸ್‌ಗೆರಿಷ್ಟ್’ ಎಂಬ ಹೊಸ ಕೋರ್ಟುಗಳನ್ನು ಸ್ಥಾಪಿಸಿತು. ಜರ್ಮನಿ ಮತ್ತೆ ಒಂದಾದ ಮೇಲೆ, 1993ರ ಡಿಸೆಂಬರ್ 1ರಂದು, ಬ್ರಾಂಡನ್‌ಬುರ್ಗಿನ ಆಮ್ಟ್ಸ್‌ಗೆರಿಷ್ಟ್ ಮರುಹುಟ್ಟು ಪಡೆಯಿತು. ಇಂದು ಇಡೀ ಜರ್ಮನಿಯಲ್ಲಿ ಇಂಥ ಆರುನೂರಕ್ಕೂ ಹೆಚ್ಚು ಕೋರ್ಟುಗಳಿವೆ. ಬಾಡಿಗೆ ಮನೆಯ ತಕರಾರು, ವಿಚ್ಛೇದನ, ಮಕ್ಕಳ ಪಾಲನೆ, ಭೂದಫ್ತರ, ವಾರಸು, ನಾಲ್ಕು ವರ್ಷದವರೆಗಿನ ಸೆರೆವಾಸ ವಿಧಿಸಬಹುದಾದ ಅಪರಾಧಗಳು ಎಲ್ಲವೂ ಅಲ್ಲಿಗೇ ಬರುತ್ತವೆ. ಬಹುಪಾಲು ಜರ್ಮನರು ಬದುಕಿನಲ್ಲಿ ಕಾಣುವ ನ್ಯಾಯಾಲಯ ಇದೊಂದೇ. ಊರ ನಡುವಿನ ಹಳೆಯ ಸೆರೆಮನೆಯ ಸ್ಥಳದಲ್ಲಿ 2012ರಲ್ಲಿ ಸ್ಮಾರಕ ತೆರೆಯಿತು. ಕ್ರೈಸಿಗ್ ಅವರನ್ನೂ ಊರು ಈಗ ನೆನೆಯುತ್ತದೆ.

ಪಾಲನೆಯ ಕಾನೂನು ಕೂಡ ಬದಲಾಗಿದೆ. ವಯಸ್ಕನೊಬ್ಬನನ್ನು ಅಸಮರ್ಥನೆಂದು ಸಾರಿ ಅವನ ಹಕ್ಕುಗಳನ್ನೆಲ್ಲ ಕಿತ್ತುಕೊಳ್ಳುವ ಪದ್ಧತಿಯನ್ನು 1992ರ ಜನವರಿ 1ರಿಂದ ಜರ್ಮನಿ ಕೈಬಿಟ್ಟಿತು. ಅದರ ಬದಲು ಅವನಿಗೆ ಯಾವ ಕೆಲಸಕ್ಕೆ ನೆರವು ಬೇಕೋ ಅಷ್ಟಕ್ಕೆ ಮಾತ್ರ ಸಹಾಯಕನನ್ನು ಆಮ್ಟ್ಸ್‌ಗೆರಿಷ್ಟ್ ನೇಮಿಸುತ್ತದೆ. ಹಾಗೆ ನೇಮಿಸುವ ಮುನ್ನ ನ್ಯಾಯಾಧೀಶನು ಆ ವ್ಯಕ್ತಿಯನ್ನು ಸ್ವತಃ ಕಂಡು ಮಾತನಾಡಿಸಬೇಕು; ಅವನು ಬಯಸಿದರೆ ಅವನಿರುವಲ್ಲಿಗೇ ಹೋಗಬೇಕು. ಮುಚ್ಚಿದ ವಾರ್ಡಿನಲ್ಲಿ ಒಬ್ಬರನ್ನು ಇರಿಸಿಕೊಳ್ಳಬೇಕಾದರೂ ನ್ಯಾಯಾಲಯದ ಅನುಮತಿ ಬೇಕು. 1940ರಲ್ಲಿ ಕ್ರೈಸಿಗ್ ತಮ್ಮ ಆಜ್ಞೆಯಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ನನ್ನನ್ನು ಕೇಳದೆ ಇವರನ್ನು ಎಲ್ಲಿಗೂ ಕೊಂಡೊಯ್ಯಬೇಡಿ.

ಆದುದರಿಂದ ಇಂದು ಬ್ರಾಂಡನ್‌ಬುರ್ಗಿನಲ್ಲಿಯೋ ಇನ್ನಾವುದೋ ಜರ್ಮನ್ ಊರಿನಲ್ಲಿಯೋ ಆಮ್ಟ್ಸ್‌ಗೆರಿಷ್ಟಿನ ನ್ಯಾಯಾಧೀಶರೊಬ್ಬರು ಕಡತವನ್ನು ಕೈಯಲ್ಲಿ ಹಿಡಿದು ವೃದ್ಧಾಶ್ರಮದ ಬಾಗಿಲು ತಟ್ಟುತ್ತಾರೆ. ಮರೆವಿನ ಕಾಯಿಲೆಯ ಮುದುಕಿಯೊಬ್ಬಳ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಿಮಗೆ ಇಲ್ಲಿ ಹೇಗಿದೆ, ಏನು ಬೇಕು ಎಂದು ಕೇಳುತ್ತಾರೆ. ಉತ್ತರ ಅಸ್ಪಷ್ಟವಾಗಿದ್ದರೂ ಬರೆದುಕೊಳ್ಳುತ್ತಾರೆ.